ಮೈಗ್ರೇನ್

ಮೈಗ್ರೇನ್ ಅಥವಾ ಅರೆತಲೆನೋವು ಎಂಬುದು ಮತ್ತೆ ಮತ್ತೆ ಮರುಕಳಿಸುವ, ಮಧ್ಯಮದಿಂದ ತೀವ್ರ ಪ್ರಮಾಣದ ತಲೆನೋವನ್ನು ಮುಖ್ಯ ಲಕ್ಷಣವಾಗಿ ಉಳ್ಳ ಒಂದು ನರಸಂಬಂಧಿ ಕಾಯಿಲೆ. ನೋವು ಹಲವರಲ್ಲಿ ತಲೆಯ ಒಂದು ಪಾರ್ಶ್ವದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಅದರೊಡನೆ ವಾಕರಿಕೆ, ವಾಂತಿ, ಬೆಳಕು ಹಾಗೂ ಶಬ್ದವನ್ನು ಸಹಿಸಲಾಗದಿರುವುದು ಮುಂತಾದ ತೊಂದರೆಗಳಿರುತ್ತವೆ. ಚಿಕಿತ್ಸೆ ಪಡೆಯದಿದ್ದಲ್ಲಿ ಒಂದು ಸಲದ ನೋವು 4 ಗಂಟೆಗಳಿಂದ 72 ಗಂಟೆಗಳವರೆಗೆ ಇರಬಹುದು. ಪ್ರಪಂಚದಲ್ಲಿ ನೂರು ಕೋಟಿಗೂ ಹೆಚ್ಚು ಜನರು ಈ ಕಾಯಿಲೆಯನ್ನು ಹೊಂದಿದ್ದಾರೆಂದು ಅಂದಾಜು ಮಾಡಲಾಗಿದೆ. ಪುರುಷರಿಗಿಂತ ಮಹಿಳೆಯರಲ್ಲಿ ಇದು ಎರಡರಿಂದ ಮೂರು ಪಟ್ಟು ಹೆಚ್ಚು.

ಮೈಗ್ರೇನ್ ಸಾಮಾನ್ಯವಾಗಿ ಪ್ರಾಣಾಪಾಯವನ್ನು ತರುವ ಕಾಯಿಲೆಯಲ್ಲ. ಆದರೆ ದುಡಿಯುವ ವಯಸ್ಸಿನ ಜನರ ದಿನಗಳನ್ನು ಅದು ಕಸಿದುಕೊಳ್ಳುತ್ತದೆ. ಇದನ್ನು ಪೂರ್ಣವಾಗಿ ವಾಸಿಮಾಡುವ ಔಷಧವಿಲ್ಲವಾದರೂ, ನೋವಿನ ತೀವ್ರತೆಯನ್ನೂ ಅದು ಬರುವ ದಿನಗಳ ಸಂಖ್ಯೆಯನ್ನೂ ಬಹುಪಾಲು ರೋಗಿಗಳಲ್ಲಿ ಕಡಿಮೆ ಮಾಡಲು ಸಾಧ್ಯವಿದೆ.

ಹೆಸರು ಮತ್ತು ಇತಿಹಾಸ

ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್ ಈ ನೋವನ್ನು 'ಹೆಮಿಕ್ರೇನಿಯ' ಎಂದು ಕರೆದನು. 'ಅರ್ಧ ತಲೆಬುರುಡೆ' ಎಂಬುದು ಅದರ ಅರ್ಥ. ಈ ಪದವೇ ಫ್ರೆಂಚ್ ಭಾಷೆಯ ಮೂಲಕ 'ಮೈಗ್ರೇನ್' ಎಂದಾಯಿತು. ಕನ್ನಡದ 'ಅರೆತಲೆನೋವು' ಸಹ ಇದೇ ಅರ್ಥವನ್ನು ಕೊಡುತ್ತದೆ. ಆಯುರ್ವೇದದ ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಹೇಳಲಾದ ಹನ್ನೊಂದು ಶಿರೋರೋಗಗಳಲ್ಲಿ 'ಅರ್ಧಾವಭೇದಕ'ವೂ ಒಂದು. ಅದರ ವರ್ಣನೆ ಮೈಗ್ರೇನನ್ನು ಬಹಳಷ್ಟು ಹೋಲುತ್ತದೆ. ಸೂರ್ಯನು ಏರಿದಂತೆ ಏರಿ, ಇಳಿದಂತೆ ಇಳಿಯುವ ತಲೆನೋವನ್ನು ಅದೇ ಪಟ್ಟಿಯಲ್ಲಿ 'ಸೂರ್ಯಾವರ್ತ' ಎಂದು ಬೇರೆಯಾಗಿ ಗುರುತಿಸಲಾಗಿದೆ.

ಹೆಸರು ಹಾಗಿದ್ದರೂ ನೋವು ಯಾವಾಗಲೂ ಅರ್ಧ ತಲೆಗೆ ಸೀಮಿತವಾಗಿರುವುದಿಲ್ಲ. ಅನೇಕರಲ್ಲಿ ಅದು ಎರಡೂ ಕಡೆ ಇರುತ್ತದೆ, ಅಥವಾ ಒಂದು ಬಾರಿ ಬಲಗಡೆ, ಇನ್ನೊಂದು ಬಾರಿ ಎಡಗಡೆ ಬರುತ್ತದೆ. ಮಕ್ಕಳಲ್ಲಿ ಎರಡೂ ಕಡೆಯ ನೋವೇ ಹೆಚ್ಚು ಸಾಮಾನ್ಯ.

ಹಂತಗಳು ಮತ್ತು ಲಕ್ಷಣಗಳು

ಮೈಗ್ರೇನ್ ಬಂದು ಹೋಗುವುದನ್ನು ನಾಲ್ಕು ಹಂತಗಳಾಗಿ ವಿವರಿಸಲಾಗುತ್ತದೆ. ಎಲ್ಲ ರೋಗಿಗಳಲ್ಲೂ ಎಲ್ಲ ಹಂತಗಳು ಕಾಣಿಸಿಕೊಳ್ಳುವುದಿಲ್ಲ.

ಮುನ್ಸೂಚನೆಯ ಹಂತ: ನೋವಿಗೆ ಕೆಲವು ಗಂಟೆಗಳಿಂದ ಎರಡು ದಿನಗಳಷ್ಟು ಮೊದಲೇ ಆಕಳಿಕೆ, ಕತ್ತಿನ ಬಿಗಿತ, ಸಿಡುಕು, ಆಯಾಸ, ಸಿಹಿ ತಿನ್ನಬೇಕೆಂಬ ಬಯಕೆ ಮುಂತಾದವು ಕಂಡುಬರುತ್ತವೆ.

ಔರಾ: ಸುಮಾರು ಮೂರರಲ್ಲಿ ಒಂದು ಭಾಗದಷ್ಟು ಅಥವಾ ಅದಕ್ಕಿಂತ ಕಡಿಮೆ ರೋಗಿಗಳಲ್ಲಿ ಮಾತ್ರ ಈ ಹಂತವಿರುತ್ತದೆ. ಕಣ್ಣ ಮುಂದೆ ಮಿನುಗುವ ಚುಕ್ಕೆಗಳು, ಅಂಕುಡೊಂಕಾದ ಹೊಳೆಯುವ ಗೆರೆಗಳು ಅಥವಾ ದೃಷ್ಟಿಯ ಒಂದು ಭಾಗ ಮಸುಕಾಗುವುದು ಇದರ ಸಾಮಾನ್ಯ ರೂಪ. ಕೆಲವರಿಗೆ ಕೈ, ತುಟಿಗಳು ಜೋಮು ಹಿಡಿಯುತ್ತವೆ ಅಥವಾ ಮಾತು ತಡವರಿಸುತ್ತದೆ. ಈ ಲಕ್ಷಣಗಳು ನಿಧಾನವಾಗಿ ಹರಡಿ, ಒಂದೊಂದೂ 5ರಿಂದ 60 ನಿಮಿಷಗಳವರೆಗೆ ಇದ್ದು ಪೂರ್ಣವಾಗಿ ಮಾಯವಾಗುತ್ತವೆ.

ನೋವಿನ ಹಂತ: ನಾಡಿ ಮಿಡಿತದಂತೆ ಬಡಿದುಕೊಳ್ಳುವ ನೋವು, ಮೆಟ್ಟಿಲು ಹತ್ತಿದರೆ ಅಥವಾ ಬಗ್ಗಿದರೆ ಹೆಚ್ಚಾಗುತ್ತದೆ. ರೋಗಿಯು ಕತ್ತಲೆಯ ಕೋಣೆಯಲ್ಲಿ ಅಲುಗಾಡದೆ ಮಲಗಲು ಬಯಸುತ್ತಾನೆ. ಒಗ್ಗರಣೆಯ ವಾಸನೆಯೂ ಸಹಿಸಲಾಗದಂತಾಗಬಹುದು.

ನಂತರದ ಹಂತ: ನೋವು ಇಳಿದ ಮೇಲೂ ಒಂದು ಅಥವಾ ಎರಡು ದಿನ ಸುಸ್ತು, ಮಂಕು, ಏಕಾಗ್ರತೆಯ ಕೊರತೆ ಉಳಿಯುತ್ತವೆ.

ಕಾರಣ

ರಕ್ತನಾಳಗಳು ಹಿಗ್ಗುವುದೇ ಮೈಗ್ರೇನಿನ ಕಾರಣವೆಂದು ಇಪ್ಪತ್ತನೆಯ ಶತಮಾನದ ಬಹುಕಾಲ ನಂಬಲಾಗಿತ್ತು. ಈಗ ಇದನ್ನು ಮುಖ್ಯವಾಗಿ ಮಿದುಳಿನ ಕಾಯಿಲೆಯೆಂದು ಪರಿಗಣಿಸಲಾಗುತ್ತದೆ. 1944ರಲ್ಲಿ ಬ್ರೆಜಿಲ್ ಮೂಲದ ವಿಜ್ಞಾನಿ ಅರಿಸ್ಟೈಡ್ಸ್ ಲಿಯಾವೊ, ಮಿದುಳಿನ ಹೊರಪದರದ ಮೇಲೆ ನಿಧಾನವಾಗಿ ಹರಡುವ ವಿದ್ಯುತ್ ಸ್ತಬ್ಧತೆಯ ಅಲೆಯೊಂದನ್ನು ವರ್ಣಿಸಿದನು. ಔರಾ ಉಂಟಾಗುವುದು ಇಂತಹ ಅಲೆಯಿಂದಲೇ ಎಂದು ತಿಳಿಯಲಾಗಿದೆ. ನೋವಿನ ಹಂತದಲ್ಲಿ ಮುಖ ಮತ್ತು ತಲೆಯ ಸಂವೇದನೆಗಳನ್ನು ಒಯ್ಯುವ ಟ್ರೈಜೆಮಿನಲ್ ನರದ ತುದಿಗಳಿಂದ ಸಿಜಿಆರ್‌ಪಿ ಎಂಬ ಪೆಪ್ಟೈಡ್ ಬಿಡುಗಡೆಯಾಗಿ, ಮಿದುಳಿನ ಹೊದಿಕೆಯ ರಕ್ತನಾಳಗಳ ಸುತ್ತ ನೋವಿನ ಸಂಕೇತಗಳನ್ನು ಹೆಚ್ಚಿಸುತ್ತದೆ. ಈ ಸಂಶೋಧನೆಗಾಗಿ ಲಾರ್ಸ್ ಎಡ್ವಿನ್ಸನ್, ಪೀಟರ್ ಗೋಡ್ಸ್‌ಬಿ, ಮೈಕೆಲ್ ಮಾಸ್ಕೊವಿಟ್ಜ್ ಮತ್ತು ಯೆಸ್ ಓಲೆಸೆನ್ ಅವರಿಗೆ 2021ರ ಬ್ರೇನ್ ಪ್ರಶಸ್ತಿ ದೊರೆಯಿತು.

ಅನುವಂಶೀಯತೆಯ ಪಾತ್ರವೂ ದೊಡ್ಡದು. ತಾಯಿ, ಅಜ್ಜಿ ಅಥವಾ ಸೋದರಮಾವನಿಗೆ ಇದೇ ತೊಂದರೆ ಇತ್ತೆಂದು ಅನೇಕ ರೋಗಿಗಳು ನೆನಪಿಸಿಕೊಳ್ಳುತ್ತಾರೆ. ಮೈಗ್ರೇನ್ ರೋಗಿಯ ಮಿದುಳು ಬದಲಾವಣೆಗಳಿಗೆ ಹೆಚ್ಚು ಸೂಕ್ಷ್ಮವಾಗಿರುತ್ತದೆ. ಇದು ಸೋಮಾರಿತನವೂ ಅಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ.

ಪ್ರಚೋದಕಗಳು

ನೋವನ್ನು ಎಬ್ಬಿಸುವ ಸಂಗತಿಗಳನ್ನು ಪ್ರಚೋದಕಗಳು ಎನ್ನುತ್ತಾರೆ. ಅವು ಕಾಯಿಲೆಯ ಮೂಲಕಾರಣಗಳಲ್ಲ ಮತ್ತು ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡದಿರುವುದು, ಉಪವಾಸ, ನಿದ್ರೆಯ ಕೊರತೆ ಅಥವಾ ಅತಿಯಾದ ನಿದ್ರೆ, ಮುಟ್ಟಿನ ದಿನಗಳ ಹಾರ್ಮೋನ್ ಏರಿಳಿತ, ಮಾನಸಿಕ ಒತ್ತಡ, ಬಿಸಿಲು, ನೀರು ಸಾಕಷ್ಟು ಕುಡಿಯದಿರುವುದು, ಊದುಬತ್ತಿ ಅಥವಾ ಸುಗಂಧದ್ರವ್ಯದ ಗಾಢ ವಾಸನೆ ಮತ್ತು ಮದ್ಯ ಇವು ಸಾಮಾನ್ಯವಾಗಿ ಹೇಳಲಾಗುವ ಪ್ರಚೋದಕಗಳು. ಹಲವು ಬಾರಿ ಒಂದು ಪ್ರಚೋದಕದಿಂದ ಏನೂ ಆಗದೆ, ಎರಡು ಮೂರು ಒಟ್ಟು ಸೇರಿದಾಗ ನೋವು ಬರುತ್ತದೆ. ಏಕಾದಶಿ, ಶಿವರಾತ್ರಿ ಅಥವಾ ರಂಜಾನ್ ಉಪವಾಸದೊಂದಿಗೆ ಜಾಗರಣೆ ಮತ್ತು ಬಿಸಿಲು ಸೇರುವುದು ಇದಕ್ಕೊಂದು ಉದಾಹರಣೆ.

ಭಾರತದಲ್ಲಿ ವಿಶೇಷವಾಗಿ ಗುರುತಿಸಲಾದ ಪ್ರಚೋದಕವೆಂದರೆ ತಲೆಗೆ ನೀರು ಹಾಕಿಕೊಳ್ಳುವುದು. ಉದ್ದ ಕೂದಲನ್ನು ತೊಳೆದು ಒದ್ದೆಯಾಗಿಯೇ ಬಿಟ್ಟ ದಿನ ನೋವು ಬರುವುದೆಂದು ಅನೇಕ ಮಹಿಳೆಯರು ಹೇಳುತ್ತಾರೆ. ಮುಂಬಯಿಯ ತಲೆನೋವು ತಜ್ಞ ಕೆ. ರವಿಶಂಕರ್ ಇಂತಹ 94 ರೋಗಿಗಳ ವಿವರಗಳನ್ನು 2006ರಲ್ಲಿ ಪ್ರಕಟಿಸಿದರು. ಇದನ್ನು ದಕ್ಷಿಣ ಕರ್ನಾಟಕದ ಮೈಸೂರು, ಚಾಮರಾಜನಗರ ಭಾಗಗಳಲ್ಲಿ ಹೆಚ್ಚಾಗಿ ವರದಿಯಾಗಿರುವ 'ಬಿಸಿನೀರಿನ ಅಪಸ್ಮಾರ'ದೊಡನೆ ಗೊಂದಲ ಮಾಡಿಕೊಳ್ಳಬಾರದು. ಬಿಸಿನೀರಿನ ಅಪಸ್ಮಾರದಲ್ಲಿ ತಲೆಗೆ ಬಿಸಿನೀರು ಸುರಿದುಕೊಳ್ಳುತ್ತಿರುವಾಗಲೇ ಅಥವಾ ಸ್ನಾನ ಮುಗಿದ ಕೂಡಲೇ ಪ್ರಜ್ಞೆ ಮಸುಕಾಗುವುದು, ದಿಟ್ಟಿ ನೆಡುವುದು, ಅಸಂಬದ್ಧ ಮಾತು ಅಥವಾ ಸೆಳವು ಉಂಟಾಗುತ್ತದೆ. ಮೈಗ್ರೇನಿನಲ್ಲಿ ಎಚ್ಚರ ತಪ್ಪುವುದಿಲ್ಲ; ನೋವು ಸ್ನಾನದ ನಂತರ ಕ್ರಮೇಣ ಏರುತ್ತದೆ. ಎರಡರ ಚಿಕಿತ್ಸೆಯೂ ಬೇರೆ.

ರೋಗನಿರ್ಣಯ

ಮೈಗ್ರೇನನ್ನು ಪತ್ತೆಮಾಡಲು ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ರೋಗಿಯು ಹೇಳುವ ವಿವರಗಳೇ ಆಧಾರ. ಅಂತಾರಾಷ್ಟ್ರೀಯ ತಲೆನೋವು ಸಂಘದ ವರ್ಗೀಕರಣದ 2018ರ ಆವೃತ್ತಿಯ ಪ್ರಕಾರ, ಔರಾ ಇಲ್ಲದ ಮೈಗ್ರೇನ್ ಎನ್ನಲು ಕನಿಷ್ಠ ಐದು ಸಲ ಅಂತಹ ನೋವು ಬಂದಿರಬೇಕು. ಒಂದೇ ಪಾರ್ಶ್ವದ ನೋವು, ಮಿಡಿಯುವ ಸ್ವರೂಪ, ಮಧ್ಯಮ ಅಥವಾ ತೀವ್ರ ಪ್ರಮಾಣ, ನಡೆದಾಡಿದರೆ ಹೆಚ್ಚಾಗುವುದು ಎಂಬ ನಾಲ್ಕರಲ್ಲಿ ಎರಡಾದರೂ ಇರಬೇಕು. ಜೊತೆಗೆ ವಾಕರಿಕೆ ಅಥವಾ ವಾಂತಿ ಇರಬೇಕು; ಇಲ್ಲವೇ ಬೆಳಕು ಮತ್ತು ಶಬ್ದ ಎರಡರ ಅಸಹನೆಯೂ ಇರಬೇಕು.

ಅನೇಕ ರೋಗಿಗಳು ತಮಗೆ 'ಸೈನಸ್' ಇದೆಯೆಂದೋ ಕನ್ನಡಕದ ನಂಬರ್ ಬದಲಾಗಿದೆಯೆಂದೋ 'ಪಿತ್ತ'ವೆಂದೋ ಭಾವಿಸಿ ವರ್ಷಗಳನ್ನು ಕಳೆಯುತ್ತಾರೆ. ಮೈಗ್ರೇನಿನಲ್ಲಿಯೂ ಮೂಗು ಕಟ್ಟುವುದು, ಕಣ್ಣಲ್ಲಿ ನೀರು ಬರುವುದು ಉಂಟು. ಹಸಿರು ಅಥವಾ ಹಳದಿ ಸಿಂಬಳ ಮತ್ತು ಜ್ವರ ಇಲ್ಲದೆ, ತಿಂಗಳಿಗೊಮ್ಮೆ ವಾಂತಿಯೊಂದಿಗೆ ಬಂದು ಹೋಗುವ ನೋವು ಸೈನಸ್ ಸೋಂಕಿಗಿಂತ ಮೈಗ್ರೇನ್ ಆಗಿರುವ ಸಂಭವವೇ ಹೆಚ್ಚು. ವಾಂತಿಯಾದ ಮೇಲೆ ನೋವು ಇಳಿಯುವುದರಿಂದ 'ಪಿತ್ತ ಹೊರಗೆ ಹೋಯಿತು' ಎಂಬ ತಿಳಿವಳಿಕೆ ಬೆಳೆದಿದೆ. ಆದರೆ ವಾಂತಿಯೂ ಮೈಗ್ರೇನಿನ ಭಾಗವೇ.

ಕರ್ನಾಟಕದಲ್ಲಿ ಮೈಗ್ರೇನ್

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಅಂತಾರಾಷ್ಟ್ರೀಯ ಸಹಯೋಗದಲ್ಲಿ ಬೆಂಗಳೂರು ನಗರ ಮತ್ತು ಸುತ್ತಲಿನ ಗ್ರಾಮಗಳಲ್ಲಿ ಮನೆಮನೆಗೆ ಹೋಗಿ ತಲೆನೋವಿನ ಸಮೀಕ್ಷೆ ನಡೆಸಿದರು. 18ರಿಂದ 65 ವರ್ಷ ವಯಸ್ಸಿನ 2329 ಜನರನ್ನು ಒಳಗೊಂಡ ಈ ಅಧ್ಯಯನದ ಫಲಿತಾಂಶಗಳು 2015ರಲ್ಲಿ ಪ್ರಕಟವಾದವು. ಹಿಂದಿನ ಒಂದು ವರ್ಷದಲ್ಲಿ 63.9% ಜನರಿಗೆ ಯಾವುದಾದರೊಂದು ತಲೆನೋವು ಬಂದಿತ್ತು. ವಯೋಮಾನಕ್ಕೆ ಹೊಂದಿಸಿದ ಲೆಕ್ಕದಲ್ಲಿ 25.2% ಜನರಿಗೆ, ಎಂದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ, ಮೈಗ್ರೇನ್ ಇತ್ತು. ಇದು ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚಾಗಿತ್ತು. ನಗರವಾಸಿಗಳಿಗಿಂತ ಹಳ್ಳಿಯವರಲ್ಲಿಯೂ ಹೆಚ್ಚಾಗಿತ್ತು. ಮೈಗ್ರೇನ್ ಪಟ್ಟಣದ ಕಚೇರಿ ಕೆಲಸಗಾರರ ಕಾಯಿಲೆ ಎಂಬ ಸಾಮಾನ್ಯ ಅಭಿಪ್ರಾಯಕ್ಕೆ ಇದು ವಿರುದ್ಧವಾದುದು. ಔಷಧದ ಅತಿಬಳಕೆಯಿಂದ ಉಂಟಾದ ತಲೆನೋವು ಇರಬಹುದಾದವರು 1.2% ಇದ್ದರು; ಅವರಲ್ಲಿ ಮಹಿಳೆಯರ ಪ್ರಮಾಣ ಪುರುಷರ ಐದು ಪಟ್ಟು.

ಗ್ರಾಮೀಣ ಬದುಕಿನ ಹಲವು ಅಂಶಗಳು ಈ ಕಾಯಿಲೆಯನ್ನು ನಿಭಾಯಿಸುವುದನ್ನು ಕಠಿಣಗೊಳಿಸುತ್ತವೆ. ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರ ಹೋಬಳಿ ಅಥವಾ ಪಕ್ಕದ ತಿರುಮಕೂಡಲು ನರಸೀಪುರ ತಾಲ್ಲೂಕಿನ ಊರುಗಳನ್ನು ಉದಾಹರಣೆಯಾಗಿ ನೋಡಬಹುದು. ಕಬಿನಿ ಮತ್ತು ಕಾವೇರಿ ನೀರಾವರಿಯ ಗದ್ದೆಗಳಲ್ಲಿ ನಾಟಿ, ಕಳೆ, ಕಟಾವು ಕೆಲಸ ಮಾಡುವವರು ಬಿಸಿಲಿನಲ್ಲಿ ಬಗ್ಗಿ ದುಡಿಯಬೇಕು. ದಿನಗೂಲಿಯವರು ಒಂದು ದಿನ ಮಲಗಿದರೆ ಆ ದಿನದ ಕೂಲಿ ಇಲ್ಲ. ನಂಜನಗೂಡಿನ ಸುತ್ತಲಿನ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರ ನಿದ್ರೆಯ ಹೊತ್ತು ವಾರವಾರಕ್ಕೂ ಬದಲಾಗುತ್ತದೆ. ಮನೆಯವರೆಲ್ಲ ಉಂಡ ಮೇಲೆ ಉಣ್ಣುವ ಮಹಿಳೆಯ ಊಟ ತಡವಾಗುತ್ತದೆ. ಕೆಲಸ ನಿಲ್ಲಿಸಲಾಗದವರು ಅಂಗಡಿಯ ಮಾತ್ರೆ ನುಂಗಿ ಮುಂದುವರಿಯುತ್ತಾರೆ.

ನರರೋಗ ತಜ್ಞರು ಬಹುತೇಕ ಮೈಸೂರು, ಬೆಂಗಳೂರಿನಂತಹ ನಗರಗಳಲ್ಲಿದ್ದಾರೆ. ಆದರೆ ಬಹುಪಾಲು ಮೈಗ್ರೇನ್ ರೋಗಿಗಳಿಗೆ ತಜ್ಞರೇ ಬೇಕೆಂದಿಲ್ಲ. ತರಬೇತಿ ಪಡೆದ ಪ್ರಾಥಮಿಕ ಆರೋಗ್ಯ ಕೇಂದ್ರದ ಅಥವಾ ತಾಲ್ಲೂಕು ಆಸ್ಪತ್ರೆಯ ವೈದ್ಯರು ಚಿಕಿತ್ಸೆ ನೀಡಬಲ್ಲರು. ಈ ಉದ್ದೇಶವನ್ನು ಇಟ್ಟುಕೊಂಡು ಕರ್ನಾಟಕ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ 'ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ'ವನ್ನು ಆರಂಭಿಸಿದವು. ತಲೆನೋವು, ಅಪಸ್ಮಾರ, ಪಾರ್ಶ್ವವಾಯು ಮತ್ತು ಮರೆಗುಳಿತನ ಇದರ ವ್ಯಾಪ್ತಿಯಲ್ಲಿವೆ.

ಚಿಕಿತ್ಸೆ

ನೋವು ಬಂದಾಗ

ನೋವು ಆರಂಭವಾದ ಕೂಡಲೇ ಔಷಧ ತೆಗೆದುಕೊಂಡರೆ ಅದು ಹೆಚ್ಚು ಪರಿಣಾಮಕಾರಿ. ನೋವು ಏರಿದ ಮೇಲೆ ಜಠರದ ಚಲನೆ ಕುಂದುವುದರಿಂದ ಮಾತ್ರೆ ಸರಿಯಾಗಿ ಹೀರಲ್ಪಡುವುದಿಲ್ಲ. 'ಇನ್ನೂ ಸ್ವಲ್ಪ ತಡೆದುಕೊಳ್ಳೋಣ' ಎಂದು ಕಾದವರಿಗೆ ಮಾತ್ರೆ ಕೆಲಸ ಮಾಡದಿರುವುದಕ್ಕೆ ಇದೂ ಒಂದು ಕಾರಣ. ಸೌಮ್ಯ ನೋವಿಗೆ ಪ್ಯಾರಸಿಟಮಾಲ್, ಹೆಚ್ಚಿನ ನೋವಿಗೆ ಐಬುಪ್ರೊಫೇನ್, ನ್ಯಾಪ್ರಾಕ್ಸೆನ್ ಅಥವಾ ಆಸ್ಪಿರಿನ್ ಬಳಸಲಾಗುತ್ತದೆ. ವಾಂತಿಯಿದ್ದರೆ ಅದನ್ನು ತಡೆಯುವ ಡೊಂಪೆರಿಡೋನ್ ಮುಂತಾದ ಔಷಧವನ್ನು ಸೇರಿಸಲಾಗುತ್ತದೆ. ಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಐಬುಪ್ರೊಫೇನ್ ಗುಂಪಿನ ಮಾತ್ರೆ ಸೇವಿಸಬಾರದು. ಜ್ವರದೊಂದಿಗೆ ತಲೆನೋವು ಬಂದಾಗ ಡೆಂಗಿ ಇರಬಹುದಾದ್ದರಿಂದ ಐಬುಪ್ರೊಫೇನ್ ಮತ್ತು ಆಸ್ಪಿರಿನ್‌ಗಳನ್ನು ದೂರವಿಡಬೇಕು. ಮಕ್ಕಳಿಗೆ ಆಸ್ಪಿರಿನ್ ಕೊಡುವಂತಿಲ್ಲ.

ಇವುಗಳಿಂದ ಶಮನವಾಗದಿದ್ದಲ್ಲಿ ಟ್ರಿಪ್ಟಾನ್ ಗುಂಪಿನ ಔಷಧಗಳಿವೆ. ಇವುಗಳಲ್ಲಿ ಮೊದಲನೆಯದಾದ ಸುಮಾಟ್ರಿಪ್ಟಾನ್ 1991ರಲ್ಲಿ ಬಳಕೆಗೆ ಬಂದಿತು. ಹೃದ್ರೋಗ, ಪಾರ್ಶ್ವವಾಯು ಅಥವಾ ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇರುವವರಿಗೆ ಇವು ಸೂಕ್ತವಲ್ಲ.

ತಡೆಗಟ್ಟುವ ಔಷಧಗಳು

ತಿಂಗಳಿಗೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ದಿನ ನೋವು ಬರುತ್ತಿದ್ದರೆ, ಅಥವಾ ಬಂದ ನೋವು ಕೆಲಸಕಾರ್ಯಗಳನ್ನು ಕೆಡಿಸುತ್ತಿದ್ದರೆ, ಪ್ರತಿದಿನ ಸೇವಿಸುವ ತಡೆ ಔಷಧವನ್ನು ವೈದ್ಯರು ಸೂಚಿಸಬಹುದು. ಪ್ರೊಪ್ರಾನೊಲಾಲ್, ಅಮಿಟ್ರಿಪ್ಟಿಲಿನ್, ಫ್ಲೂನಾರಿಜಿನ್, ಟೋಪಿರಮೇಟ್ ಇವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಕೆಲವು ಬೇರೆ ಕಾಯಿಲೆಗಳಿಗಾಗಿ ರೂಪಿಸಿದ ಹಳೆಯ, ಅಗ್ಗದ ಔಷಧಗಳು. ಆಸ್ತಮಾ ಇರುವವರಿಗೆ ಪ್ರೊಪ್ರಾನೊಲಾಲ್ ಕೊಡುವುದಿಲ್ಲ. ಹುಟ್ಟಲಿರುವ ಮಗುವಿಗೆ ಹಾನಿಯಾಗುವ ಕಾರಣ ವ್ಯಾಲ್ಪ್ರೊಯೇಟ್ ಮತ್ತು ಟೋಪಿರಮೇಟ್‌ಗಳನ್ನು ಗರ್ಭಧಾರಣೆಯ ಸಾಧ್ಯತೆ ಇರುವವರಿಗೆ ಕೊಡುವುದನ್ನು ತಪ್ಪಿಸಲಾಗುತ್ತದೆ. ಈ ಔಷಧಗಳ ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಒಂದು ವಾರದಲ್ಲಿ ಗುಣ ಕಾಣಲಿಲ್ಲವೆಂದು ಬಿಟ್ಟುಬಿಡುವುದು ಚಿಕಿತ್ಸೆ ವಿಫಲವಾಗಲು ಸಾಮಾನ್ಯ ಕಾರಣ. ನೋವಿನ ದಿನಗಳು ಅರ್ಧಕ್ಕೆ ಇಳಿದರೆ ಚಿಕಿತ್ಸೆ ಫಲಿಸಿದೆಯೆಂದು ಲೆಕ್ಕ.

ಸಿಜಿಆರ್‌ಪಿಯನ್ನು ತಡೆಯುವ ಪ್ರತಿಕಾಯ ಚುಚ್ಚುಮದ್ದುಗಳಲ್ಲಿ ಮೊದಲನೆಯದಾದ ಎರೆನುಮ್ಯಾಬ್‌ಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇವುಗಳ ದುಬಾರಿ ಬೆಲೆ ಸಾಮಾನ್ಯ ರೋಗಿಗಳಿಗೆ ಅಡ್ಡಿಯಾಗಿದೆ.

ಮಾತ್ರೆಯ ಅತಿಬಳಕೆ

ನೋವಿಗೆ ನುಂಗುವ ಮಾತ್ರೆಯೇ ನೋವನ್ನು ಹೆಚ್ಚಿಸಬಲ್ಲದು. ಸಾಮಾನ್ಯ ನೋವುನಿವಾರಕಗಳನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಟ್ರಿಪ್ಟಾನ್ ಹಾಗೂ ಮಿಶ್ರ ಮಾತ್ರೆಗಳನ್ನು 10 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ಬಳಸಿದರೆ ತಲೆನೋವು ದಿನನಿತ್ಯದ್ದಾಗುವ ಅಪಾಯವಿದೆ. ಮಾತ್ರೆ ಇಳಿದೊಡನೆ ನೋವು, ನೋವಿಗೆ ಮತ್ತೊಂದು ಮಾತ್ರೆ ಎಂಬ ಸುಳಿಯಲ್ಲಿ ರೋಗಿಯು ಸಿಲುಕುತ್ತಾನೆ. ವಾರಕ್ಕೆ ಎರಡು ದಿನಗಳಿಗಿಂತ ಹೆಚ್ಚು ನೋವಿನ ಮಾತ್ರೆ ಬೇಕಾಗುತ್ತಿದ್ದರೆ ಅದು ವೈದ್ಯರನ್ನು ಕಂಡು ತಡೆ ಔಷಧದ ಬಗ್ಗೆ ಕೇಳಬೇಕಾದ ಸೂಚನೆ. ಅತಿಬಳಕೆಯನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ನೋವು ಹೆಚ್ಚಿದರೂ, ಕೆಲವು ವಾರಗಳಲ್ಲಿ ಬಹಳಷ್ಟು ಜನರಿಗೆ ಸುಧಾರಣೆ ಕಾಣುತ್ತದೆ.

ಮನೆಮದ್ದು, ನಂಬಿಕೆ ಮತ್ತು ಇತರ ಪದ್ಧತಿಗಳು

ಹಣೆಗೆ ಬಟ್ಟೆ ಬಿಗಿಯಾಗಿ ಕಟ್ಟುವುದು, ಒಣಶುಂಠಿ ತೇಯ್ದು ಪಟ್ಟು ಹಾಕುವುದು, ಗಂಧ ಹಚ್ಚುವುದು, ನೋವಿನ ಮುಲಾಮು ತಿಕ್ಕುವುದು ಕನ್ನಡನಾಡಿನ ಮನೆಗಳಲ್ಲಿ ರೂಢಿಯಲ್ಲಿವೆ. ಒತ್ತಡ ಮತ್ತು ತಂಪು ಅನೇಕರಿಗೆ ತಾತ್ಕಾಲಿಕ ಉಪಶಮನ ನೀಡುತ್ತವೆ; ಚರ್ಮ ಉರಿಯದಿದ್ದರೆ ಇವುಗಳಿಂದ ಹಾನಿಯಿಲ್ಲ. ಮುಲಾಮಿನ ಗಾಟು ಕೆಲವರ ವಾಕರಿಕೆಯನ್ನು ಹೆಚ್ಚಿಸಬಹುದು. ಒಂದು ಲೋಟ ಕಾಫಿಯಿಂದ ಕೆಲವರಿಗೆ ನೋವು ತಗ್ಗುತ್ತದೆ, ಏಕೆಂದರೆ ಕೆಫೀನ್ ನೋವುನಿವಾರಕದ ಪರಿಣಾಮವನ್ನು ಹೆಚ್ಚಿಸುತ್ತದೆ. ಆದರೆ ದಿನಕ್ಕೆ ಹಲವು ಸಲ ಕುಡಿಯುವವರಿಗೆ ಒಂದು ಹೊತ್ತಿನ ಕಾಫಿ ತಪ್ಪಿದರೂ ತಲೆನೋವು ಬರುತ್ತದೆ. ಹಣೆಗೆ ಬರೆ ಹಾಕಿಸುವುದು ಸುಟ್ಟಗಾಯ ಮತ್ತು ಸೋಂಕಿಗೆ ದಾರಿಯಾಗುವ ಅಪಾಯಕಾರಿ ಪದ್ಧತಿ.

ನಂಜನಗೂಡಿನ ಶ್ರೀಕಂಠೇಶ್ವರನನ್ನು ರೋಗ ಕಳೆಯುವ ದೇವರೆಂದು ಭಕ್ತರು ನಂಬುತ್ತಾರೆ. ಟಿಪ್ಪು ಸುಲ್ತಾನನು ತನ್ನ ಆನೆಯ ಕಣ್ಣು ಗುಣವಾದ ಕಾರಣ ಈ ದೇವರನ್ನು 'ಹಕೀಮ್ ನಂಜುಂಡ' ಎಂದು ಕರೆದನೆಂಬ ಪ್ರತೀತಿ ಇದೆ. ಹರಕೆ ಹೊತ್ತು ಬರುವ ಮೈಗ್ರೇನ್ ರೋಗಿಗಳು ಉಪವಾಸವಿದ್ದು ಬಿಸಿಲಿನ ಸಾಲಿನಲ್ಲಿ ನಿಲ್ಲುವಾಗ ನೀರು ಕುಡಿಯುತ್ತಿರುವುದು ಮತ್ತು ಹಣ್ಣು ಸೇವಿಸುವುದು ಒಳಿತು.

ಆಯುರ್ವೇದದಲ್ಲಿ ಅರ್ಧಾವಭೇದಕಕ್ಕೆ ನಸ್ಯ ಮೊದಲಾದ ಚಿಕಿತ್ಸೆಗಳನ್ನು ಹೇಳಲಾಗಿದೆ. ಅವುಗಳನ್ನು ಅರ್ಹ ವೈದ್ಯರಿಂದಲೇ ಪಡೆಯಬೇಕು. ಯೋಗದ ವಿಷಯದಲ್ಲಿ, ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಪ್ರಯೋಗವೊಂದು 2020ರಲ್ಲಿ ಪ್ರಕಟವಾಯಿತು. ಔಷಧವನ್ನಷ್ಟೇ ಪಡೆದವರಿಗಿಂತ ಔಷಧದೊಂದಿಗೆ ಮೂರು ತಿಂಗಳು ಯೋಗ ಮಾಡಿದವರಲ್ಲಿ ನೋವಿನ ಬಾರಿಗಳೂ ತೀವ್ರತೆಯೂ ಹೆಚ್ಚು ಕಡಿಮೆಯಾದವು. ಯೋಗವು ಔಷಧದ ಬದಲಿಯಾಗಿ ಅಲ್ಲ, ಜೊತೆಗೆ ನೆರವಾಯಿತು ಎಂಬುದನ್ನು ಗಮನಿಸಬೇಕು.

ದಿನಚರಿ ಮತ್ತು ನೋವಿನ ದಾಖಲೆ

ಮೈಗ್ರೇನ್ ಇರುವವರಿಗೆ ನಿಯಮಿತವಾದ ದಿನಚರಿ ಹೆಚ್ಚು ನೆರವಾಗುತ್ತದೆ. ರಜಾದಿನದಲ್ಲಿಯೂ ಒಂದೇ ಹೊತ್ತಿಗೆ ಮಲಗಿ ಏಳುವುದು, ಊಟ ತಪ್ಪಿಸದಿರುವುದು, ಹೊಲಕ್ಕೆ ಹೋಗುವಾಗ ನೀರಿನ ಬಾಟಲಿ ಮತ್ತು ತಲೆಗೆ ನೆರಳು ಕೊಡುವ ಟೋಪಿ ಅಥವಾ ವಸ್ತ್ರ, ವಾರದಲ್ಲಿ ಹಲವು ದಿನ ನಡಿಗೆ, ತಲೆಗೆ ನೀರು ಹಾಕಿಕೊಂಡ ಮೇಲೆ ಕೂದಲನ್ನು ಬೇಗ ಒಣಗಿಸುವುದು ಇವು ಖರ್ಚಿಲ್ಲದ ಉಪಾಯಗಳು.

ಕ್ಯಾಲೆಂಡರಿನಲ್ಲಿಯೋ ಹಳೆಯ ನೋಟ್‌ಪುಸ್ತಕದಲ್ಲಿಯೋ ನೋವಿನ ದಾಖಲೆ ಇಡುವುದನ್ನು ವೈದ್ಯರು ಸಲಹೆ ಮಾಡುತ್ತಾರೆ. ನೋವು ಬಂದ ದಿನಾಂಕ, ಆರಂಭವಾದ ಹೊತ್ತು, ಎಷ್ಟು ಗಂಟೆ ಇತ್ತು, ಹಿಂದಿನ ರಾತ್ರಿಯ ನಿದ್ರೆ, ತಪ್ಪಿದ ಊಟ, ಮುಟ್ಟಿನ ದಿನ, ನುಂಗಿದ ಮಾತ್ರೆಯ ಹೆಸರು ಮತ್ತು ಸಂಖ್ಯೆ ಇಷ್ಟನ್ನು ಬರೆದರೆ ಸಾಕು. ಎರಡು ತಿಂಗಳ ದಾಖಲೆಯಿಂದ ಪ್ರಚೋದಕಗಳು ಸ್ಪಷ್ಟವಾಗುತ್ತವೆ. ಯಾವುದೋ ಒಂದು ತಿನಿಸನ್ನು ಊಹೆಯ ಮೇಲೆ ಬಿಡುವುದೂ ತಪ್ಪುತ್ತದೆ, ಮಾತ್ರೆಯ ಅತಿಬಳಕೆಯೂ ಕಣ್ಣಿಗೆ ಬೀಳುತ್ತದೆ. ಅಕ್ಷರ ಬಾರದವರು ದಿನಾಂಕದ ಮೇಲೆ ನೋವಿಗೆ ಒಂದು ಗೆರೆ, ಮಾತ್ರೆಗೆ ಒಂದು ಚುಕ್ಕೆ ಹಾಕಬಹುದು.

ಮನೆಯವರ ಮತ್ತು ಶಾಲೆಯ ಪಾತ್ರವೂ ಇಲ್ಲಿದೆ. ನೋವು ಹೊರಗೆ ಕಾಣದ ಕಾರಣ ರೋಗಿಯನ್ನು ನೆಪ ಹೇಳುವವರೆಂದು ಭಾವಿಸುವುದುಂಟು. ನೋವು ಬಂದ ವಿದ್ಯಾರ್ಥಿಯನ್ನು ಬಿಸಿಲಿನ ಪ್ರಾರ್ಥನಾ ಸಾಲಿನಿಂದ ಬಿಡಿಸಿ ನೆರಳಿನಲ್ಲಿ ಮಲಗಲು ಬಿಡುವುದು, ಮನೆಯಲ್ಲಿ ದೀಪ ಆರಿಸಿ ಟಿವಿ ನಿಲ್ಲಿಸಿ, ಅಡುಗೆ ಕೆಲಸವನ್ನು ಇನ್ನೊಬ್ಬರು ವಹಿಸಿಕೊಳ್ಳುವುದು ಔಷಧದಷ್ಟೇ ಅಗತ್ಯ.

ತುರ್ತಾಗಿ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಎಲ್ಲ ತಲೆನೋವೂ ಮೈಗ್ರೇನ್ ಅಲ್ಲ. ಕೆಳಗಿನ ಸಂದರ್ಭಗಳಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು:

• ಸಿಡಿಲಿನಂತೆ ಒಮ್ಮೆಲೇ ಎರಗಿ, ಒಂದು ನಿಮಿಷದೊಳಗೆ ಅತಿ ತೀವ್ರವಾಗುವ ತಲೆನೋವು
• ಜ್ವರ, ಕತ್ತಿನ ಬಿಗಿತ, ಗೊಂದಲ ಅಥವಾ ಸೆಳವಿನೊಂದಿಗೆ ಬಂದ ತಲೆನೋವು
• ಕೈಕಾಲು ಬಲ ಕಳೆದುಕೊಳ್ಳುವುದು, ಬಾಯಿ ಸೊಟ್ಟಗಾಗುವುದು, ಮಾತು ನಿಲ್ಲುವುದು
• ತಲೆಗೆ ಪೆಟ್ಟು ಬಿದ್ದ ನಂತರದ ತಲೆನೋವು
• ಗರ್ಭಿಣಿಯರಲ್ಲಿ ಅಥವಾ ಹೆರಿಗೆಯ ನಂತರದ ವಾರಗಳಲ್ಲಿ ಹೊಸದಾಗಿ ಬಂದ ತೀವ್ರ ತಲೆನೋವು
• 50 ವರ್ಷ ದಾಟಿದ ಮೇಲೆ ಮೊದಲ ಬಾರಿಗೆ ಆರಂಭವಾದ ತಲೆನೋವು
• ಹಳೆಯ ನೋವಿನ ಸ್ವರೂಪ ಬದಲಾಗಿ ದಿನೇ ದಿನೇ ಹೆಚ್ಚುತ್ತಿರುವುದು

ತುರ್ತು ಸಂದರ್ಭದಲ್ಲಿ 108 ಆಂಬುಲೆನ್ಸ್ ಸೇವೆಯನ್ನು ಬಳಸಬಹುದು. ಔರಾ ಸಹಿತ ಮೈಗ್ರೇನ್ ಇರುವ ಮಹಿಳೆಯರಲ್ಲಿ ಪಾರ್ಶ್ವವಾಯುವಿನ ಸಂಭವ ಸ್ವಲ್ಪ ಹೆಚ್ಚು. ಈಸ್ಟ್ರೊಜನ್ ಇರುವ ಗರ್ಭನಿರೋಧಕ ಮಾತ್ರೆ ಮತ್ತು ಧೂಮಪಾನ ಆ ಅಪಾಯವನ್ನು ಇನ್ನಷ್ಟು ಹೆಚ್ಚಿಸುವುದರಿಂದ, ಅಂತಹವರು ಮಾತ್ರೆ ಆರಂಭಿಸುವ ಮೊದಲೇ ತಮ್ಮ ಔರಾದ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

ಮುನ್ನೋಟ

ಮೈಗ್ರೇನ್ ಹೆಚ್ಚಾಗಿ ಹದಿಹರೆಯದಲ್ಲಿ ಅಥವಾ ಯೌವನದಲ್ಲಿ ಆರಂಭವಾಗಿ 30ರಿಂದ 40ರ ವಯಸ್ಸಿನಲ್ಲಿ ಹೆಚ್ಚಿರುತ್ತದೆ. ಗರ್ಭಧಾರಣೆಯ ಎರಡನೆಯ ಮತ್ತು ಮೂರನೆಯ ತ್ರೈಮಾಸಿಕಗಳಲ್ಲಿ ಅನೇಕ ಮಹಿಳೆಯರಿಗೆ ನೋವು ಕಡಿಮೆಯಾಗುತ್ತದೆ. ಮುಟ್ಟು ನಿಲ್ಲುವ ಮುನ್ನ ಕೆಲವರಲ್ಲಿ ಹೆಚ್ಚಿ, ನಿಂತ ಮೇಲೆ ಬಹಳಷ್ಟು ಜನರಲ್ಲಿ ತಗ್ಗುತ್ತದೆ. ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವು ಇದ್ದು, ಅವುಗಳಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಸ್ವರೂಪದ್ದಾಗಿದ್ದು, ಮೂರು ತಿಂಗಳಿಗೂ ಮೀರಿ ಹೀಗೇ ಮುಂದುವರಿದರೆ ಅದನ್ನು ದೀರ್ಘಕಾಲಿಕ ಮೈಗ್ರೇನ್ ಎನ್ನುತ್ತಾರೆ. ಸಕಾಲದ ಚಿಕಿತ್ಸೆ ಮತ್ತು ಮಾತ್ರೆಗಳ ಮಿತಬಳಕೆಯಿಂದ ಈ ಹಂತವನ್ನು ತಲುಪುವ ಅಪಾಯವನ್ನು ಕಡಿಮೆ ಮಾಡಬಹುದು. ತಲುಪಿದವರಲ್ಲಿಯೂ ಹಲವರು ಚಿಕಿತ್ಸೆಯಿಂದ ಮತ್ತೆ ಆಗೊಮ್ಮೆ ಈಗೊಮ್ಮೆ ಬರುವ ನೋವಿನ ಸ್ಥಿತಿಗೆ ಮರಳುತ್ತಾರೆ.